ಕ್ಯಾಮೆರಾಮನ್‌ಗಿಂತ ಕಡಿಮೆ ಸಂಬಳದ ನಾಯಕಿ: ಡಯಾನಾ ರಿಗ್ ಕಥೆ

‘ಗೇಮ್ ಆಫ್ ಥ್ರೋನ್ಸ್’ ನೋಡಿದವರು ಈ ಒಂದು ದೃಶ್ಯವನ್ನ ಮರೆತಿರೋಕೆ ಸಾಧ್ಯ ಇಲ್ಲ. 7ನೇ ಸೀಸನ್. ಕೋಟೆ ಶತ್ರುಗಳ ಕೈಗೆ ಹೋಗಿದೆ. ಒಲೆನ್ನಾ ಟೈರೆಲ್ ಅನ್ನೋ ವಯಸ್ಸಾದ ಹೆಂಗಸು ತನ್ನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಳೆ. ಎದುರಿಗೆ ಗೆದ್ದು ಬಂದಿರೋ ಜೇಮಿ. ಅವನು ಕೊಟ್ಟ ವಿಷವನ್ನ ಆಕೆ ಒಂದೇ ಗುಟುಕಿಗೆ ಕುಡಿದುಬಿಡ್ತಾಳೆ. ಆಮೇಲೆ ಆರಾಮಾಗಿ, ರಾಜ ಜಾಫ್ರಿಯನ್ನ ಕೊಲ್ಲಿಸಿದ್ದು ನಾನೇ ಅಂತ ಹೇಳ್ತಾಳೆ. ಸೋತವಳು ಯಾರು, ಗೆದ್ದವನು ಯಾರು ಅಂತ ನಮಗೇ ಗೊಂದಲ ಆಗುತ್ತೆ.

ಆ ಪಾತ್ರ ಮಾಡಿದವರು ಡಯಾನಾ ರಿಗ್. 2017ರಲ್ಲಿ ಆ ಸಂಚಿಕೆ ಪ್ರಸಾರ ಆದಾಗ ಅವರಿಗೆ 79 ವರ್ಷ. ನಮ್ಮಲ್ಲಿ ತುಂಬ ಜನಕ್ಕೆ ಅವರು ಗೊತ್ತಿರೋದು ಇಷ್ಟೇ. ಆದರೆ ಬ್ರಿಟನ್ನಿನಲ್ಲಿ ಅವರ ಕಥೆ ಅದಕ್ಕಿಂತ ಅರ್ಧ ಶತಮಾನ ಹಿಂದೆಯೇ ಶುರುವಾಗಿತ್ತು. ಇವತ್ತಿನ ಸಂಚಿಕೆ ಅದರ ಬಗ್ಗೆ.

ರಿಗ್ ಹುಟ್ಟಿದ್ದು 1938ರಲ್ಲಿ, ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ. ಎರಡು ತಿಂಗಳ ಮಗುವಾಗಿದ್ದಾಗಲೇ ಅವರನ್ನ ಬಿಕಾನೇರ್‌ಗೆ ಕರಕೊಂಡು ಬಂದರು. ಹೌದು, ನಮ್ಮ ರಾಜಸ್ಥಾನದ ಬಿಕಾನೇರ್! ಅಪ್ಪ ಅಲ್ಲಿನ ಸಂಸ್ಥಾನದ ರೈಲ್ವೆಯಲ್ಲಿ ಎಂಜಿನಿಯರ್. ಹಾಗಾಗಿ ಹಿಂದಿ ಅವರ ಎರಡನೇ ಭಾಷೆ ಆಯ್ತು. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಬೋರ್ಡಿಂಗ್ ಸ್ಕೂಲು. ಮರುಭೂಮಿಯ ಬಿಸಿಲಲ್ಲಿ ಬೆಳೆದ ಹುಡುಗಿಗೆ ಯಾರ್ಕ್‌ಷೈರಿನ ಚಳಿ ಹೇಗೆ ಅನಿಸಿರಬೇಕು, ಊಹಿಸಿಕೊಳ್ಳಿ.

ಮುಂದೆ ರಾಯಲ್ ಅಕಾಡೆಮಿಯಲ್ಲಿ ನಟನೆ ಕಲಿತು, ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸೇರಿದರು. 1962ರಲ್ಲಿ ಪೀಟರ್ ಬ್ರೂಕ್ ಆಡಿಸಿದ ‘ಕಿಂಗ್ ಲಿಯರ್’ನಲ್ಲಿ ಕಾರ್ಡೀಲಿಯಾ ಇವರೇ. ಅಪ್ಪನಿಗೆ ನಿಜ ಹೇಳಿ ಎಲ್ಲ ಕಳಕೊಳ್ಳೋ ಒಳ್ಳೆಯ ಮಗಳು. ಈ ಪಾತ್ರ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇನ್ನು ಅಸಲಿ ಕಥೆಗೆ ಬರೋಣ. 1961ರಿಂದ ಐಟಿವಿಯಲ್ಲಿ ‘ದಿ ಅವೆಂಜರ್ಸ್’ ಅನ್ನೋ ಸರಣಿ ಬರ್ತಿತ್ತು. ಮಾರ್ವೆಲ್ ಅಲ್ಲ! ಇದು ಗೂಢಚಾರರ ಕಥೆ. ಎಷ್ಟು ಹೆಸರುವಾಸಿ ಅಂದರೆ, 2012ರಲ್ಲಿ ಮಾರ್ವೆಲ್ ಸಿನಿಮಾ ಬಂದಾಗ ಗೊಂದಲ ಬೇಡ ಅಂತ ಬ್ರಿಟನ್ನಿನಲ್ಲಿ ಅದಕ್ಕೆ ‘ಅವೆಂಜರ್ಸ್ ಅಸೆಂಬಲ್’ ಅಂತ ಬೇರೆ ಹೆಸರಿಟ್ಟರು. ಸರಣಿಯಲ್ಲಿ ಟೋಪಿ, ಕೊಡೆ ಹಿಡಿದ ಜಾನ್ ಸ್ಟೀಡ್ ಆಗಿ ಪ್ಯಾಟ್ರಿಕ್ ಮ್ಯಾಕ್ನಿ. ಜೊತೆಗಾರ್ತಿಯಾಗಿದ್ದ ಹಾನರ್ ಬ್ಲ್ಯಾಕ್‌ಮನ್ ಜೇಮ್ಸ್ ಬಾಂಡ್ ಸಿನಿಮಾಗೆ ಹೋದರು. ಅವರ ಜಾಗಕ್ಕೆ ಮೊದಲು ಆರಿಸಿದ ನಟಿ ಹೊಂದಲಿಲ್ಲ ಅಂತ ಅರ್ಧಕ್ಕೇ ಕೈಬಿಟ್ಟರು. ಆಗ ಆಡಿಷನ್‌ಗೆ ಬಂದವರು ರಿಗ್. ಆ ಸರಣಿಯನ್ನ ಅವರು ಅಲ್ಲೀವರೆಗೆ ನೋಡಿಯೇ ಇರಲಿಲ್ಲ.

ಹೊಸ ಪಾತ್ರದ ಹೆಸರು ಎಮ್ಮಾ ಪೀಲ್. ಈ ಹೆಸರು ಹುಟ್ಟಿದ್ದೇ ಒಂದು ತಮಾಷೆ. ಗಂಡಸರನ್ನ ಸೆಳೆಯೋ ಗುಣ, ಅಂದರೆ ಇಂಗ್ಲಿಷಿನ ‘ಮ್ಯಾನ್ ಅಪೀಲ್’, ಅದನ್ನೇ ಚಿಕ್ಕದು ಮಾಡಿ ‘ಎಮ್ ಅಪೀಲ್’ ಅಂದರು, ಅದು ಎಮ್ಮಾ ಪೀಲ್ ಆಯ್ತು. ಅಂದರೆ ನಿರ್ಮಾಪಕರ ತಲೆಯಲ್ಲಿ ಇದ್ದದ್ದು ಅಷ್ಟೇ. ಆದರೆ 1965ರ ಅಕ್ಟೋಬರ್‌ನಲ್ಲಿ ಪರದೆ ಮೇಲೆ ಬಂದವಳು ಬೇರೆಯೇ ಹೆಂಗಸು. ವಿಜ್ಞಾನ ಗೊತ್ತು, ಕತ್ತಿವರಸೆ ಗೊತ್ತು, ಲೋಟಸ್ ಕಾರು ಓಡಿಸ್ತಾಳೆ, ಗೂಂಡಾಗಳನ್ನ ಎತ್ತಿ ಬಿಸಾಡ್ತಾಳೆ, ಬಿಸಾಡಿ ಒಂದು ತಣ್ಣನೆ ಮಾತು ಹೇಳ್ತಾಳೆ. ಯಾರೋ ಬಂದು ಕಾಪಾಡಲಿ ಅಂತ ಕಾಯೋ ನಾಯಕಿ ಅಲ್ಲ. ಹುಡುಗರಿಂದ ರಾಶಿ ರಾಶಿ ಪತ್ರ ಬರ್ತಿತ್ತಂತೆ. ಉತ್ತರ ಬರೀತಿದ್ದವರು ರಿಗ್ ಅವರ ಅಮ್ಮ! ನನ್ನ ಮಗಳು ನಿನಗಿಂತ ದೊಡ್ಡವಳು, ಹೋಗಿ ಒಂದು ರೌಂಡ್ ಓಡಿ ಬಾ ಅನ್ನೋ ಧಾಟಿಯಲ್ಲಿ.

ಈಗ ಮುಖ್ಯ ವಿಷಯ. ಸರಣಿ ಅಮೆರಿಕಕ್ಕೂ ಮಾರಾಟ ಆಗಿತ್ತು, ದುಡ್ಡು ಬರ್ತಿತ್ತು. ಆ ಹೊತ್ತಲ್ಲಿ ರಿಗ್ ಅವರಿಗೆ ಒಂದು ವಿಷಯ ಗೊತ್ತಾಯ್ತು: ತನಗೆ ಸಿಗ್ತಿರೋದು ಕ್ಯಾಮೆರಾಮನ್‌ಗಿಂತ ಕಡಿಮೆ. ವಾರಕ್ಕೆ 150 ಪೌಂಡ್. ಅವರು ಸುಮ್ಮನಿರಲಿಲ್ಲ. ಪಟ್ಟು ಹಿಡಿದು 450 ಮಾಡಿಸಿಕೊಂಡರು.

ಗೆದ್ದರಲ್ಲ, ಸಂತೋಷ ಅಂತೀರಾ? ಪತ್ರಿಕೆಗಳು ಇವರನ್ನ ದುಡ್ಡಿನಾಸೆಯವಳು ಅಂತ ಬಿಂಬಿಸಿದವು. ಉದ್ಯಮದ ಒಬ್ಬ ಹೆಂಗಸೂ ಜೊತೆಗೆ ನಿಲ್ಲಲಿಲ್ಲ, ಮ್ಯಾಕ್ನಿ ಕೂಡ ನಿಲ್ಲಲಿಲ್ಲ ಅಂತ ರಿಗ್ ವಯಸ್ಸಾದ ಮೇಲೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. 50 ವರ್ಷ ಕಳೆದರೂ ಆ ನೋವು ಹೋಗಿರಲಿಲ್ಲ ಅನ್ಸುತ್ತೆ. ಇದೆಲ್ಲ ಹಳೇ ಕಾಲದ ಮಾತು ಅನ್ನೋ ಹಾಗೂ ಇಲ್ಲ. ‘ದಿ ಕ್ರೌನ್’ನಲ್ಲಿ ರಾಣಿಯಾಗಿದ್ದ ಕ್ಲೇರ್ ಫಾಯ್‌ಗೆ ಗಂಡನ ಪಾತ್ರದವರಿಗಿಂತ ಕಡಿಮೆ ಕೊಟ್ಟಿದ್ದು ಹೊರಗೆ ಬಂದದ್ದು 2018ರಲ್ಲಿ. ಸಿಂಹಾಸನ ಆಕೆಯದು, ಚೆಕ್ಕು ಅವನದು ದೊಡ್ಡದು!

1968ರ ಹೊತ್ತಿಗೆ ರಿಗ್ ಎಮ್ಮಾ ಪೀಲ್ ಪಾತ್ರ ಬಿಟ್ಟರು. ಮಾಡಿದ್ದು 51 ಸಂಚಿಕೆ ಅಷ್ಟೇ. ಮರುವರ್ಷ ಬಾಂಡ್ ಸಿನಿಮಾದಲ್ಲಿ ಬಾಂಡ್‌ನ ಹೆಂಡತಿಯಾದರು. ಎಪ್ಪತ್ತರ ದಶಕದಲ್ಲಿ ಹೆಚ್ಚಾಗಿ ನಾಟಕ. ಅಮೆರಿಕದಲ್ಲಿ ಒಂದು ಕಾಮಿಡಿ ಸರಣಿ ಮಾಡಿದರು, ಓಡಲಿಲ್ಲ.

ನನಗೆ ಅವರ ನಿಜವಾದ ಬೇಟೆ ಶುರುವಾದದ್ದು 45ರ ಆಸುಪಾಸಿನಲ್ಲಿ ಅನ್ಸುತ್ತೆ. 1983ರಲ್ಲಿ ಗ್ರಾನಡಾ ಟಿವಿಗೆ ಲಾರೆನ್ಸ್ ಒಲಿವಿಯರ್ ‘ಕಿಂಗ್ ಲಿಯರ್’ ಮಾಡಿದರು. ಅದರಲ್ಲಿ ರಿಗ್ ಯಾರು ಗೊತ್ತಾ? ರೀಗನ್. ಅಪ್ಪನನ್ನ ಬಿರುಗಾಳಿಗೆ ಹೊರಗೆ ತಳ್ಳಿ ಬಾಗಿಲು ಹಾಕಿಸೋ ಮಗಳು! ಅದೇ ನಾಟಕ, ಅದೇ ಮನೆ, 21 ವರ್ಷದ ಹಿಂದೆ ಒಳ್ಳೆ ಮಗಳಾಗಿದ್ದವರು ಈಗ ಕೆಟ್ಟ ಮಗಳು. ಸಾಮಾನ್ಯವಾಗಿ ನಟಿಯರಿಗೆ ವಯಸ್ಸಾದ ಹಾಗೆ ಪಾತ್ರ ಸಣ್ಣದಾಗ್ತಾ ಹೋಗುತ್ತೆ. ಇವರಿಗೆ ಪಾತ್ರ ಕಪ್ಪಾಗ್ತಾ ಹೋಯ್ತು, ಸಣ್ಣದಾಗಲಿಲ್ಲ.

1985ರಲ್ಲಿ ಬಿಬಿಸಿಗೆ ಡಿಕನ್ಸ್‌ನ ‘ಬ್ಲೀಕ್ ಹೌಸ್’. ಅಲ್ಲಿ ಲೇಡಿ ಡೆಡ್‌ಲಾಕ್. ಮದುವೆಗೆ ಮುಂಚೆ ಹುಟ್ಟಿದ ಮಗಳ ಗುಟ್ಟನ್ನ ಎದೆಯಲ್ಲಿಟ್ಟುಕೊಂಡು ಬದುಕೋ ಶ್ರೀಮಂತ ಮನೆತನದ ಹೆಂಗಸು. 1989ರಲ್ಲಿ ‘ಮದರ್ ಲವ್’. ಇದು ಭಯ ಹುಟ್ಟಿಸುತ್ತೆ. ಗಂಡ ಬಿಟ್ಟುಹೋದ ಮೇಲೆ ಮಗನನ್ನೇ ಉಸಿರು ಮಾಡಿಕೊಂಡ ತಾಯಿ. ಮಗ ಕದ್ದುಮುಚ್ಚಿ ಅಪ್ಪನ ಜೊತೆ ಓಡಾಡ್ತಿದ್ದಾನೆ ಅಂತ ಗೊತ್ತಾದಾಗ ಆಕೆ ಕೊಲೆಗೂ ಹಿಂಜರಿಯಲ್ಲ. ತಾಯಿಪ್ರೀತಿ ಅಂದ ತಕ್ಷಣ ಕೈಮುಗಿಯೋ ನಮ್ಮ ಸೀರಿಯಲ್‌ಗಳನ್ನ ನೋಡಿ ಬೆಳೆದವರಿಗೆ ಇದು ಒಳ್ಳೆ ಶಾಕ್. ಈ ಪಾತ್ರಕ್ಕೆ ಬಾಫ್ಟಾ ಬಂತು. 1997ರ ‘ರೆಬೆಕ್ಕಾ’ದಲ್ಲಿ ಮಿಸೆಸ್ ಡ್ಯಾನ್ವರ್ಸ್. ಸತ್ತ ಯಜಮಾನಿಯನ್ನ ಪೂಜಿಸ್ತಾ, ಹೊಸ ಹೆಂಡತಿಯನ್ನ ಕಣ್ಣಲ್ಲೇ ಸುಡೋ ಮನೆಯ ಮೇಲ್ವಿಚಾರಕಿ. ಅದಕ್ಕೆ ಎಮ್ಮಿ ಪ್ರಶಸ್ತಿ. ಎಮ್ಮಾ ಪೀಲ್‌ಗೆ ಬರೀ ನಾಮನಿರ್ದೇಶನ ಆಗಿತ್ತು, ಗೆದ್ದಿರಲಿಲ್ಲ.

ತಮಾಷೆಗೂ ಕೊರತೆ ಇರಲಿಲ್ಲ. 2013ರಲ್ಲಿ ‘ಡಾಕ್ಟರ್ ಹೂ’ದಲ್ಲಿ ಖಳನಾಯಕಿ. ಆಕೆ ಹಿಂಸೆ ಕೊಡೋದು ಸ್ವಂತ ಮಗಳಿಗೆ. ಆ ಮಗಳ ಪಾತ್ರ ಮಾಡಿದವರು ನಿಜ ಜೀವನದ ಮಗಳು ರೇಚಲ್ ಸ್ಟರ್ಲಿಂಗ್! ಅದೇ ವರ್ಷ ಒಲೆನ್ನಾ ಶುರು.

2020ರ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬ್ರಿಟನ್ನಿನ ಚಾನೆಲ್ 5ರಲ್ಲಿ ‘ಆಲ್ ಕ್ರೀಚರ್ಸ್ ಗ್ರೇಟ್ ಅಂಡ್ ಸ್ಮಾಲ್’ ಆರಂಭ ಆಯ್ತು. ಅದರಲ್ಲಿ ರಿಗ್, ನಾಯಿಗೆ ತಿನ್ನಿಸಿ ತಿನ್ನಿಸಿ ಕೆಡಿಸೋ ಶ್ರೀಮಂತ ಮಿಸೆಸ್ ಪಂಫ್ರಿ. ಆ ತಿಂಗಳ 10ಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡರು. 82 ವರ್ಷ. ಡಿಸೆಂಬರ್‌ನಲ್ಲಿ ಬಿಬಿಸಿ ‘ಬ್ಲ್ಯಾಕ್ ನಾರ್ಸಿಸಸ್’ ಪ್ರಸಾರ ಮಾಡಿತು. ಹಿಮಾಲಯದ ಒಂದು ಹಳೇ ಅರಮನೆಗೆ ಹೋಗೋ ಕ್ರೈಸ್ತ ಸನ್ಯಾಸಿನಿಯರ ಕಥೆ, ಕಾಲ 1934. ಅದರಲ್ಲಿ ರಿಗ್ ಹಿರಿಯ ಮದರ್ ಡೊರೊತಿಯಾ. ಬಿಕಾನೇರ್‌ನಲ್ಲಿ ಹಿಂದಿ ಮಾತಾಡ್ತಿದ್ದ ಹುಡುಗಿಯನ್ನ ಜನ ಟಿವಿಯಲ್ಲಿ ಕೊನೆಗೆ ನೋಡಿದ್ದು ಮತ್ತೆ ನಮ್ಮ ದೇಶದ ಕಡೆಯ ಕಥೆಯಲ್ಲೇ.

ನೋಡೋಕೆ ಶುರು ಮಾಡೋದಾದರೆ ‘ರೆಬೆಕ್ಕಾ’ದಿಂದ ಮಾಡಿ. ಎಮ್ಮಾ ಪೀಲ್‌ಳನ್ನ ಆಮೇಲೆ ನೋಡಿ. ಇಬ್ಬರೂ ಒಬ್ಬರೇನಾ ಅಂತ ನೀವೇ ಪಾಸ್ ಮಾಡಿ ಪಾಸ್ ಮಾಡಿ ನೋಡ್ತೀರಿ. ಮುಂದಿನ ವಾರ ಸಿಗೋಣ.