ದೂರದರ್ಶನದ ರೋಬೋಟ್ ಕಾಳಗ

ರೋಬೋಟ್ ಕಾಳಗವು ದೂರನಿಯಂತ್ರಿತ ಯಂತ್ರಗಳು ಮುಚ್ಚಿದ ಅಖಾಡದೊಳಗೆ ಪರಸ್ಪರ ಸೆಣಸಿ, ಎದುರಾಳಿಯನ್ನು ಚಲನರಹಿತವಾಗಿಸಲು ಯತ್ನಿಸುವ ಸ್ಪರ್ಧೆಯಾಗಿದೆ. ಇವುಗಳನ್ನು ರೋಬೋಟ್ ಎಂದು ಕರೆಯುವುದು ರೂಢಿಯಾದರೂ ಬಹುತೇಕ ಯಂತ್ರಗಳು ಸ್ವಂತ ನಿರ್ಧಾರ ಕೈಗೊಳ್ಳುವುದಿಲ್ಲ. ಅಖಾಡದ ಹೊರಗೆ ನಿಂತ ಚಾಲಕರು ರೇಡಿಯೋ ಸಂಕೇತಗಳ ಮೂಲಕ ಅವುಗಳನ್ನು ನಡೆಸುತ್ತಾರೆ.

ಹಿನ್ನೆಲೆ

ಮಾರ್ಕ್ ಥಾರ್ಪ್ 1994ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಏರ್ಪಡಿಸಿದ ಸ್ಪರ್ಧೆಯಿಂದ 'ರೋಬೋಟ್ ವಾರ್ಸ್' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಅದೇ ಹೆಸರಿನ ಕಾರ್ಯಕ್ರಮವು 1998ರಲ್ಲಿ ಬ್ರಿಟನ್ನಿನ ಬಿಬಿಸಿ ಟೂ ವಾಹಿನಿಯಲ್ಲಿ ಆರಂಭಗೊಂಡಿತು. ಅಮೆರಿಕದಲ್ಲಿ 'ಬ್ಯಾಟಲ್‌ಬಾಟ್ಸ್' 2000ದಲ್ಲಿ ಕಾಮಿಡಿ ಸೆಂಟ್ರಲ್ ವಾಹಿನಿಯ ಮೂಲಕ ಪ್ರಸಾರವಾಗಿ, ದೀರ್ಘ ವಿರಾಮದ ನಂತರ 2015ರಲ್ಲಿ ಎಬಿಸಿ ವಾಹಿನಿಯಲ್ಲಿ ಮರಳಿತು. ಬ್ರಿಟಿಷ್ ಕಾರ್ಯಕ್ರಮಕ್ಕೂ 2016ರಲ್ಲಿ ಮರುಜೀವ ದೊರೆಯಿತು.

ಆಯುಧಗಳು ಮತ್ತು ಕುತೂಹಲ

ಈ ಕಾಳಗವನ್ನು ನೋಡತಕ್ಕದ್ದಾಗಿಸುವುದು ಕೇವಲ ಧ್ವಂಸವಲ್ಲ, ಅದಕ್ಕೆ ಮುಂಚಿನ ನಿರೀಕ್ಷೆ. ಅತಿವೇಗವಾಗಿ ತಿರುಗುವ ಉಕ್ಕಿನ ಪಟ್ಟಿ ಅಥವಾ ಚಕ್ರವನ್ನು ಆಯುಧವಾಗಿ ಹೊಂದಿದ ಯಂತ್ರಕ್ಕೆ ಪೂರ್ಣವೇಗ ಗಳಿಸಲು ಕೆಲವು ಕ್ಷಣಗಳು ಬೇಕು. ತಿರುಗುವ ವೇಗ ಇಮ್ಮಡಿಯಾದರೆ ಅದರಲ್ಲಿನ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎದುರಾಳಿಯು ಆರಂಭದ ಗಂಟೆಯೊಡನೆಯೇ ನುಗ್ಗಿ ಆಯುಧವನ್ನು ತಡೆಯಬೇಕು. ತಡವಾದರೆ ನುಗ್ಗುವುದೇ ಆತ್ಮಹತ್ಯೆಯಾದೀತು. ಭೌತಶಾಸ್ತ್ರ ತಿಳಿಯದ ವೀಕ್ಷಕರೂ ಏರುತ್ತಿರುವ ಆಯುಧದ ಸದ್ದಿನಿಂದಲೇ ಅಪಾಯವನ್ನು ಗ್ರಹಿಸಬಲ್ಲರು. ಹೊಡೆತದ ಪ್ರತಿಕ್ರಿಯೆಯು ಹೊಡೆದ ಯಂತ್ರವನ್ನೂ ಎತ್ತಿ ಎಸೆಯುವುದರಿಂದ ಪ್ರಬಲ ಯಂತ್ರವೂ ಸುರಕ್ಷಿತವಲ್ಲ. ಅಡ್ಡಪಟ್ಟಿಯ ಆಯುಧಕ್ಕೆ ಹೆಸರಾದ 'ಟೂಂಬ್‌ಸ್ಟೋನ್' 2015ರ ಅಂತಿಮ ಪಂದ್ಯದಲ್ಲಿ 'ಬೈಟ್ ಫೋರ್ಸ್'ಗೆ ಸೋತು, ಮರುವರ್ಷ ಪ್ರಶಸ್ತಿ ಗೆದ್ದಿತು.

ಎದುರಾಳಿಯನ್ನು ಮೇಲಕ್ಕೆ ಚಿಮ್ಮಿಸುವ ಯಂತ್ರಗಳ ಸೊಗಸು ಬೇರೆಯೇ. ರೋಬೋಟ್ ವಾರ್ಸ್‌ನ ಮೂರು ಮತ್ತು ನಾಲ್ಕನೆಯ ಸರಣಿಗಳ ವಿಜೇತ 'ಕೇಯಾಸ್ 2' ಎದುರಾಳಿಗಳನ್ನು ಅಖಾಡದ ಗೋಡೆಯಾಚೆಗೆ ಎಸೆದು ಜನಪ್ರಿಯವಾಯಿತು. ಇಲ್ಲಿ ಗೆಲುವಿಗೆ ವ್ಯಾಖ್ಯಾನವೇ ಬೇಡ. ಬೋರಲು ಬಿದ್ದ ಯಂತ್ರವು ತಾನಾಗಿ ಎದ್ದು ನಿಲ್ಲಲು ಒದ್ದಾಡುವ ಕ್ಷಣಗಳಲ್ಲಿ ವೀಕ್ಷಕರ ಮನಸ್ಸು ಸಾಮಾನ್ಯವಾಗಿ ಅದರ ಕಡೆಗೇ ವಾಲುತ್ತದೆ. ಯಂತ್ರಕ್ಕೆ ನೋವಿಲ್ಲವೆಂಬ ಅರಿವು ಈ ಮರುಕಕ್ಕೆ ಅಡ್ಡಿಯಾಗದು. ಪ್ರಾಣಿಗಳ ಕಾಳಗದಲ್ಲಿರುವ ಕ್ರೌರ್ಯದ ಅಳುಕು ಇಲ್ಲದಿರುವುದಕ್ಕೂ ಅದೇ ಅರಿವು ಕಾರಣ.

ಬ್ರಿಟಿಷ್ ಕಾರ್ಯಕ್ರಮವು ಇದಕ್ಕೆ ಖಳರನ್ನೂ ಸೇರಿಸಿತು. 'ಸರ್ ಕಿಲ್ಲಲಾಟ್', 'ಮಟಿಲ್ಡಾ', 'ಶಂಟ್' ಮುಂತಾದ ಅಖಾಡದ ಸ್ವಂತ ರೋಬೋಟ್‌ಗಳು ಸ್ಪರ್ಧಿಗಳಿಗಿಂತ ಭಾರವಾಗಿದ್ದು, ತಮ್ಮ ಮೂಲೆಗೆ ಬಂದವರನ್ನು ಹಿಡಿದು ಕಾಡುತ್ತಿದ್ದವು.

ನಿಯಮಗಳು ಮತ್ತು ವಿವಾದ

ಮನರಂಜನೆ ಮತ್ತು ನ್ಯಾಯಗಳ ನಡುವಿನ ತಿಕ್ಕಾಟ ಈ ಪ್ರಕಾರದಲ್ಲಿ ಎಂದೂ ಬಗೆಹರಿದಿಲ್ಲ. ಬರಿಯ ಇಳಿಜಾರು ಬೆಣೆಯಾಕಾರದ ಯಂತ್ರವು ತಳ್ಳಿಯೇ ಗೆಲ್ಲಬಲ್ಲದು, ಆದರೆ ಅದನ್ನು ನೋಡುವುದು ಬೇಸರ. ಮರುಜೀವ ಪಡೆದ ರೋಬೋಟ್ ವಾರ್ಸ್‌ನಲ್ಲಿ ಚಲಿಸುವ ಆಯುಧವನ್ನು ಕಡ್ಡಾಯಗೊಳಿಸಲಾಗಿತ್ತು. ಬ್ಯಾಟಲ್‌ಬಾಟ್ಸ್ ಪಂದ್ಯದ ಅವಧಿ 3 ನಿಮಿಷ. ಅಷ್ಟರಲ್ಲಿ ಯಾವ ಯಂತ್ರವೂ ನಿಷ್ಕ್ರಿಯವಾಗದಿದ್ದರೆ ತೀರ್ಪುಗಾರರು ಹಾನಿ, ಆಕ್ರಮಣಶೀಲತೆ ಮತ್ತು ನಿಯಂತ್ರಣಗಳನ್ನು ತೂಗಿ ನಿರ್ಧರಿಸುತ್ತಾರೆ. ಚರ್ಚೆ ಹುಟ್ಟುವುದು ಇಲ್ಲಿಯೇ. ರೋಬೋಟ್ ವಾರ್ಸ್‌ನ ಆರನೆಯ ಸರಣಿಯ ಅಂತಿಮ ಪಂದ್ಯದಲ್ಲಿ 'ಟಾರ್ನೇಡೋ', ಹಿಂದಿನ ವಿಜೇತ 'ರೇಜರ್'ನ ಹೈಡ್ರಾಲಿಕ್ ಕೊಕ್ಕು ತನ್ನ ಮೈಗೆ ತಾಗದಂತೆ ಸುತ್ತಲೂ ಚೌಕಟ್ಟು ಅಳವಡಿಸಿಕೊಂಡು ತೀರ್ಪುಗಾರರ ಮೂಲಕ ಗೆದ್ದಿತು. ಇದನ್ನು ಜಾಣ್ಮೆ ಎನ್ನುವವರೂ ಆಟದ ಸ್ವಾರಸ್ಯ ಕೆಡಿಸಿತೆನ್ನುವವರೂ ಅಭಿಮಾನಿಗಳಲ್ಲಿದ್ದಾರೆ.

2015ರ ಬ್ಯಾಟಲ್‌ಬಾಟ್ಸ್‌ನಲ್ಲಿ 'ಕಂಪ್ಲೀಟ್ ಕಂಟ್ರೋಲ್' ತಂಡವು ಉಡುಗೊರೆಯ ಪೆಟ್ಟಿಗೆಯೊಳಗೆ ಬಲೆಯನ್ನು ಅಡಗಿಸಿ ತಂದು, 'ಘೋಸ್ಟ್ ರ‍್ಯಾಪ್ಟರ್'ನ ತಿರುಗುವ ಆಯುಧವನ್ನು ಅದರಲ್ಲಿ ಸಿಲುಕಿಸಿತು. ದೀರ್ಘ ವಾಗ್ವಾದದ ಬಳಿಕ ಮರುಪಂದ್ಯ ನಡೆದು, ಘೋಸ್ಟ್ ರ‍್ಯಾಪ್ಟರ್ ಜಯಗಳಿಸಿತು.