ಮಲ್ಲೇಶ್ವರ ಬಡಾವಣೆ: ಅದರ ಸ್ವರೂಪ ಮತ್ತು ಪೌರಾಡಳಿತ

ಬೆಂಗಳೂರಿನ ಮಲ್ಲೇಶ್ವರವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಅದರ ಸಾಲುಮರಗಳನ್ನು ಕೊಂಡಾಡಿ ಮುಗಿಸುತ್ತಾರೆ. ಆ ನೆರಳನ್ನು ಏರ್ಪಡಿಸಿದವರು ಯಾರು, ಅದರ ಮೇಲಣ ಅಧಿಕಾರ ಯಾರಲ್ಲಿ ಉಳಿಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಸ್ಥಳದ ಹೆಸರು ಬಡಾವಣೆಗಿಂತ ಬಹಳ ಹಳೆಯದು. ಶಿವಾಜಿಯ ಮಲಸಹೋದರನಾದ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನು 1669ರ ಶಾಸನವು ತಿಳಿಸುತ್ತದೆ. ಆ ದೇವಾಲಯವೇ ಇಂದಿನ ಕಾಡು ಮಲ್ಲೇಶ್ವರ. ಅನಂತರವೂ ಎರಡು ಶತಮಾನಗಳ ಕಾಲ ಇದು ಪೇಟೆಯ ಹೊರಗಣ ನೆಲವಾಗಿಯೇ ಇದ್ದಿತು.

1898ರ ಪ್ಲೇಗಿನಿಂದ ಈ ಬಡಾವಣೆ ಹುಟ್ಟಿತೆಂಬುದು ಜನಜನಿತವಾದ ಮಾತು. ಇದು ಅರ್ಧ ಸತ್ಯ ಮಾತ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆದಿಯಲ್ಲಿಯೇ, ಪೇಟೆಯ ಇಕ್ಕಟ್ಟನ್ನು ತಗ್ಗಿಸಲು ಮಲ್ಲೇಶ್ವರ ಮತ್ತು ಬಸವನಗುಡಿಗಳ ಯೋಜನೆ ಸಿದ್ಧವಾಗಿದ್ದಿತು. ಹೆಸರಘಟ್ಟದ ನೀರು ನಗರಕ್ಕೆ ಬಂದುದೂ ಅದೇ ದಶಕದಲ್ಲಿ. ಪ್ಲೇಗು ಮಾಡಿದುದೇನೆಂದರೆ, ಪೇಟೆಯನ್ನು ಬಿಡಲು ಹಿಂಜರಿಯುತ್ತಿದ್ದವರನ್ನು ಹೊರಡಿಸಿದುದು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಗಾಳಿ, ಮರ ಇವೆಲ್ಲವೂ ಆರೋಗ್ಯಶಾಸ್ತ್ರದ ನಿಯಮಗಳಾಗಿ ಬಂದುವು. ಅಂದವೆಂಬುದು ಅವುಗಳ ಹಿಂದೆ ಬಂದ ಲಾಭ. ಹಿತ್ತಿಲುಗಳ ಹಿಂದಣ ಕಿರು ಓಣಿಗಳು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ಕಕ್ಕಸಿನ ಮಲವನ್ನು ಹೊತ್ತೊಯ್ಯುವವರು ಮುಂಬಾಗಿಲಿನ ಕಡೆ ಕಾಣಿಸಬಾರದೆಂದು ಅವು ನಿರ್ಮಿತವಾದುವು. ನಿವೇಶನಗಳ ಹಂಚಿಕೆಯೂ ಜಾತಿವಾರಾಗಿ ನಡೆಯಿತು. ಮರದ ನೆರಳಿನ ವರ್ಣನೆಯಲ್ಲಿ ಈ ಎರಡು ಸಂಗತಿಗಳನ್ನು ಮರೆಯುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಬೀದಿಗಳ ಹೆಸರೂ ವಿಚಾರಾರ್ಹ. ಸಂಪಿಗೆ ರಸ್ತೆಗೆ ಕನ್ನಡದ ಹೆಸರು ದಕ್ಕಿತು. ಬೇವಿನ ರಸ್ತೆಯಾದರೋ ಮಾರ್ಗೋಸಾ ರಸ್ತೆಯಾಯಿತು. ಫಲಕ ಬರೆಯಿಸಿದವರು ಕಚೇರಿಯವರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆಡಳಿತದ ವಿಷಯ ಹೀಗಿದೆ. 1850ರ ಕಾಯಿದೆಯಂತೆ 1862ರಲ್ಲಿ ಬೆಂಗಳೂರಿಗೆ ಪುರಸಭೆ ಏರ್ಪಟ್ಟಾಗ ಅದರಲ್ಲಿದ್ದವರು ಸರ್ಕಾರದ ಹಿರಿಯ ಅಧಿಕಾರಿಗಳು ಮತ್ತು ಕೆಲವು ಪ್ರಮುಖ ನಾಗರಿಕರು. 1949ರಲ್ಲಿ ನಗರ ಮತ್ತು ದಂಡುಪ್ರದೇಶಗಳ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಅದು ಬೃಹತ್ ಮಹಾನಗರ ಪಾಲಿಕೆಯಾಗಿ ಹಬ್ಬಿತು. ಪ್ರತಿ ಹಿಗ್ಗಿಗೂ ಬಡಾವಣೆಯ ದನಿ ಸಣ್ಣದಾಯಿತೆಂದೇ ನಮ್ಮ ಅಭಿಪ್ರಾಯ. ಸಂವಿಧಾನದ 74ನೆಯ ತಿದ್ದುಪಡಿ (1992) ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ವಿಧಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ, 2025ರಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸುವವರೆಗೂ ಚುನಾಯಿತ ಸಭೆಯೇ ಇರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಗಾರರು ಕೆಲಸ ನಡೆಸಿದರು. 1862ರ ಪದ್ಧತಿಯಲ್ಲಾದರೂ ಕೆಲವು ನಾಗರಿಕರಿಗೆ ಸಭೆಯಲ್ಲಿ ಆಸನವಿದ್ದಿತು.

ಮರಗಳಿಗೆ ಸಂಬಂಧಿಸಿದ 1976ರ ರಾಜ್ಯ ಕಾಯಿದೆಯೂ ಕಡಿಯಲು ಅನುಮತಿ ಕೊಡುವ ಅಧಿಕಾರವನ್ನು ವೃಕ್ಷಾಧಿಕಾರಿಗೆ ವಹಿಸಿತು. 2011ರಲ್ಲಿ ಸ್ಯಾಂಕಿ ಕೆರೆಯ ಬಳಿಯ ರಸ್ತೆಯನ್ನು ಅಗಲಗೊಳಿಸಲು ಮರಗಳಿಗೆ ಕೊಡಲಿ ಬಿದ್ದಾಗ ನಿವಾಸಿಗಳು ಬೀದಿಗಿಳಿದರು; ವಿವಾದವು ಹೈಕೋರ್ಟಿನ ಮೆಟ್ಟಿಲನ್ನೇರಿತು. ತಮ್ಮ ಬೀದಿಯ ಮರದ ವಿಷಯವನ್ನು ತಾವೇ ಕೂಡಿ ತೀರ್ಮಾನಿಸಬಲ್ಲ ಸಭೆ ಅವರಿಗಿರಲಿಲ್ಲವಾಗಿ, ಉಳಿದಿದ್ದ ದಾರಿ ಅದೊಂದೇ.