ಅಂಗೈಯಗಲದ ಓಲೆ

ಕಾರ್ಡು ಬರೆದು ರೂಢಿಯಿದ್ದವರಿಗೆ ಈ ಅನುಭವ ನೆನಪಿರಬಹುದು. ಹೇಳಬೇಕಾದ ಮಾತು ಇನ್ನೂ ಉಳಿದಿರುವಾಗಲೇ ಕಾರ್ಡು ಮುಗಿಯುತ್ತ ಬರುವುದು. ಆಗ ಅಕ್ಷರಗಳು ತಾವಾಗಿ ಸಣ್ಣವಾಗುವುವು, ಸಾಲುಗಳು ಒತ್ತೊತ್ತಾಗುವುವು. ಕೊನೆಗೆ ಅಂಚಿನಲ್ಲಿ ಅಡ್ಡಲಾಗಿ ‘ಮಕ್ಕಳಿಗೆ ಆಶೀರ್ವಾದ’ ಎಂದು ಗೀಚಿ ಮುಗಿಸಬೇಕಾಗುವುದು. ಇದರಲ್ಲಿ ಇಕ್ಕಟ್ಟಿತ್ತು, ಆದರೆ ಗೊಂದಲವಿರಲಿಲ್ಲ. ಬರೆದವನ ಕೈಯಲ್ಲಿದ್ದ ಕಾರ್ಡೇ ಓದುವವನ ಕೈಗೂ ಸೇರುತ್ತಿತ್ತು. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಲಿಪಿಕಾರನಿಗೂ, 1843ರ ಜುಲೈ ತಿಂಗಳಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್‌ನಿಗೂ ಅಷ್ಟರಮಟ್ಟಿಗೆ ನಿಶ್ಚಿಂತೆಯಿತ್ತು. ತಾನು ಕಂಡ ಪುಟವನ್ನೇ ಓದುಗನೂ ಕಾಣುವನೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಈ ನಿಶ್ಚಿಂತೆ ಕಳೆದುಹೋದುದು ಇ-ಮೇಲಿನ ಕಾಲದಲ್ಲಿ. ಇಲ್ಲಿ ಪತ್ರ ಬರೆಯುವವನೊಬ್ಬ, ಕಾಗದ ಒದಗಿಸುವವನು ಇನ್ನೊಬ್ಬ. ಓದುಗನ ಮುಂದಿರುವುದು ಮೇಜಿನ ಮೇಲಣ ದೊಡ್ಡ ತೆರೆಯೋ, ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಹಿಡಿದ ಮೊಬೈಲೋ, ಬರೆಯುವವನಿಗೆ ತಿಳಿಯದು. ಸಂಘಸಂಸ್ಥೆಗಳು, ಪುಸ್ತಕದಂಗಡಿಗಳು, ಬ್ಯಾಂಕುಗಳು ನಮಗೆ ತಪ್ಪದೆ ಕಳುಹಿಸುವ ನ್ಯೂಸ್‌ಲೆಟರುಗಳು ಒಮ್ಮೊಮ್ಮೆ ಅಂದವಾಗಿಯೂ ಒಮ್ಮೊಮ್ಮೆ ಹರಕು ಚಾಪೆಯಂತೆಯೂ ಕಾಣುವುದಕ್ಕೆ ಕಾರಣ ಇದೇ. ಅಳತೆ ತಿಳಿಯದ ಕಾಗದಕ್ಕೆ ಹೊಂದುವಂತೆ ಪತ್ರ ಬರೆಯುವ ವಿದ್ಯೆ ಹೇಗೆ ಬೆಳೆಯಿತೆಂಬುದು ಸ್ವಾರಸ್ಯವಾದ ಚರಿತ್ರೆ. ಐವತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನ ಅವಧಿಯ ಕಥೆಯಾದರೂ ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ.

1928ರಲ್ಲಿ ಐಬಿಎಂ ಸಂಸ್ಥೆಯು ಲೆಕ್ಕದ ಯಂತ್ರಗಳಿಗಾಗಿ ತೂತು ಹೊಡೆದ ರಟ್ಟಿನ ಕಾರ್ಡೊಂದನ್ನು ಬಳಕೆಗೆ ತಂದಿತು. ಅದರಲ್ಲಿ 80 ಕಂಬಸಾಲುಗಳಿದ್ದುವು. ಒಂದೊಂದು ಸಾಲಿಗೆ ಒಂದೊಂದು ಅಕ್ಷರ. ಕಾರ್ಡು ಹೋಗಿ ಗಾಜಿನ ತೆರೆ ಬಂದಾಗಲೂ 80ರ ಲೆಕ್ಕ ಉಳಿದುಕೊಂಡಿತು. 1978ರಲ್ಲಿ ಬಂದ ಪ್ರಸಿದ್ಧವಾದ ವಿಟಿ-100 ಎಂಬ ಟರ್ಮಿನಲ್ಲಿನಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಇಷ್ಟರಲ್ಲಿ, 1971ರಲ್ಲಿ, ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅರ್ಪಾನೆಟ್ ಜಾಲದ ಮೇಲೆ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪತ್ರ ಕಳುಹಿಸಿ ತೋರಿಸಿದ್ದನು. ಆ ಪತ್ರಗಳಿಗೆ ದೊರೆತ ಕಾಗದ 80 ಅಕ್ಷರದಗಲದ ತೆರೆಯೇ. ಅದರೊಳಗೆ ಸಾಲನ್ನು ಮುರಿಯುವುದು ಶಿಷ್ಟಾಚಾರವಾಯಿತು. 2001ರಲ್ಲಿ ಇ-ಮೇಲಿನ ನಿಯಮಾವಳಿಯನ್ನು ಪರಿಷ್ಕರಿಸಿದವರು ಕೂಡ ಒಂದು ಸಾಲು 78 ಅಕ್ಷರಗಳನ್ನು ಮೀರದಿರುವುದು ಲೇಸೆಂದು ಬರೆದರು. ಎಂದೋ ಹೋದ ರಟ್ಟಿನ ಕಾರ್ಡು ಹೊಸ ಶತಮಾನದ ಪತ್ರಕ್ಕೆ ಅಗಲ ಗೊತ್ತುಮಾಡಿತು! ಶಿಷ್ಟಾಚಾರಗಳು ತಮ್ಮ ಕಾರಣವನ್ನು ಮರೆತು ಬದುಕುವ ಬಗೆ ಇದು.

ಒಂದೇ ಪತ್ರವನ್ನು ನೂರಾರು ಮಂದಿಗೆ ಕಳುಹಿಸುವ ಪದ್ಧತಿಯೂ ಹಳೆಯದೇ. 1978ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕಂಪೆನಿಯೊಂದರ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬಾತನು ಸುಮಾರು 400 ಮಂದಿಗೆ ತನ್ನ ಯಂತ್ರಗಳ ಜಾಹೀರಾತನ್ನು ಕಳುಹಿಸಿದನು. ಕೇಳದೆ ಬಂದ ಈ ಕಾಗದದಿಂದ ಅನೇಕರು ಸಿಟ್ಟಾದರು. ನಮ್ಮ ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ಮೋಜೂ ಅದರಲ್ಲಿದೆ. ವಿಳಾಸಗಳ ಪಟ್ಟಿ ತನಗೆ ಮೀಸಲಾದ ಸ್ಥಳದಲ್ಲಿ ಹಿಡಿಸದೆ ಪತ್ರದ ಒಡಲಿನೊಳಕ್ಕೇ ಹರಿದು ಬಂದಿತ್ತು. ಪತ್ರ ಮತ್ತು ಪಾತ್ರೆಗಳ ಅಳತೆ ಕೂಡದಿರುವ ಅವಸ್ಥೆ ಅಂದಿನಿಂದಲೇ ಉಂಟು.

1999ರಲ್ಲಿ ಬ್ಲ್ಯಾಕ್‌ಬೆರಿಯ ಮೊದಲ ಉಪಕರಣ ಅಂಗೈಯಲ್ಲಿ ಇ-ಮೇಲ್ ಓದುವ ಅನುಕೂಲವನ್ನು ತಂದಿತು. ಆಗ 80ರ ಶಿಷ್ಟಾಚಾರದ ಬಣ್ಣ ಬಯಲಾಯಿತು. ಅಗಲವಾದ ತೆರೆಗಾಗಿ ಮುರಿದ ಸಾಲನ್ನು ಕಿರಿದಾದ ತೆರೆ ಇನ್ನೊಮ್ಮೆ ಮುರಿಯುವುದು. ಒಂದು ಉದ್ದ ಸಾಲು, ಕೆಳಗೆ ಒಂದೆರಡು ಶಬ್ದಗಳ ಮೊಟಕು ಸಾಲು, ಮತ್ತೆ ಉದ್ದ, ಮತ್ತೆ ಮೊಟಕು. ಹಲ್ಲು ಮುರಿದ ಬಾಚಣಿಗೆಯಂಥ ಪುಟ! ಅದೇ ವರ್ಷ ಇದಕ್ಕೊಂದು ಸರಳ ಪರಿಹಾರವನ್ನೂ ಸೂಚಿಸಲಾಯಿತು. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದರೆ ಮಾತು ಮುಂದಿನ ಸಾಲಿಗೆ ಹರಿಯುತ್ತದೆಂದು ತಿಳಿದು ಯಂತ್ರವೇ ತನ್ನ ಅಗಲಕ್ಕೆ ತಕ್ಕಂತೆ ಕೂಡಿಸಿಕೊಳ್ಳಲಿ ಎಂಬುದು ಅದು. ಎಲ್ಲರೂ ಅದನ್ನು ಅನುಸರಿಸಲಿಲ್ಲ. ಆದರೂ ಮುಂದಿನ ಬೆಳವಣಿಗೆಯ ತತ್ವ ಅದರಲ್ಲಿ ಅಡಗಿದೆ: ಸಾಲನ್ನು ಮುರಿಯುವ ಅಧಿಕಾರ ಓದುಗನ ಯಂತ್ರಕ್ಕಿರಲಿ.

ಇದಕ್ಕೆ ಮುಂಚೆಯೇ ಪತ್ರಕ್ಕೆ ಬಣ್ಣಬೆಡಗು ಬಂದಿತ್ತು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ‘ಮೈಮ್’ ಎಂಬ ಏರ್ಪಾಟನ್ನು ರೂಪಿಸಿದರು. ಚಿತ್ರ, ಧ್ವನಿ, ಇಂಗ್ಲಿಷಲ್ಲದ ಲಿಪಿ ಇವೆಲ್ಲಕ್ಕೂ ಇ-ಮೇಲಿನಲ್ಲಿ ಸ್ಥಳ ದೊರೆತುದು ಇದರಿಂದ. ಒಂದೇ ಲಕೋಟೆಯಲ್ಲಿ ಒಂದೇ ಪತ್ರದ ಎರಡು ಪ್ರತಿಗಳನ್ನಿಡುವ ಉಪಾಯವನ್ನೂ ಅವರು ಯೋಚಿಸಿದ್ದರು. ಒಂದು ಸಾದಾ ಬರಹ, ಇನ್ನೊಂದು ಅಲಂಕೃತ. ಓದುಗನ ಯಂತ್ರಕ್ಕೆ ಯಾವುದು ಶಕ್ಯವೋ ಅದನ್ನು ಅದು ತೋರಿಸಲಿ ಎಂಬುದು ಆಶಯ. ಬಡವನ ಮನೆಯಲ್ಲಿಯೂ ಶ್ರೀಮಂತನ ಮನೆಯಲ್ಲಿಯೂ ಉಣ್ಣಬಲ್ಲ ಅತಿಥಿಯಂತೆ ಪತ್ರವಿರಬೇಕೆಂಬ ಈ ವಿವೇಕವನ್ನು ಆಮೇಲಿನವರು ಬಹುಮಟ್ಟಿಗೆ ಮರೆತರು.

1996ರಲ್ಲಿ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಸಂಗಾತಿ ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಆರಂಭಿಸಿದರು. ಇ-ಮೇಲ್ ವೆಬ್ ಪುಟದೊಳಕ್ಕೆ ಬಂದಿತು. ವೆಬ್ ಪುಟದ ಅಲಂಕಾರಗಳೂ ಇ-ಮೇಲಿಗೆ ಬಂದುವು. ಜಮಾಖರ್ಚಿನ ಕೋಷ್ಟಕದಂತೆ ಮನೆಗಳನ್ನು ಹಾಕಿ, ಗೆರೆಗಳನ್ನು ಅಡಗಿಸಿ, ಒಂದು ಮನೆಯಲ್ಲಿ ಚಿತ್ರ, ಒಂದರಲ್ಲಿ ತಲೆಬರಹ, ಒಂದರಲ್ಲಿ ಬೆಲೆ, ಹೀಗೆ ಪುಟ ಕಟ್ಟುವುದು ವಾಡಿಕೆಯಾಯಿತು. ಮೇಜಿನ ಕಂಪ್ಯೂಟರಿನಲ್ಲಿ ಅಂಚೆಯ ಪಟ್ಟಿಗೆ ಒಂದಿಷ್ಟು ಜಾಗ ಹೋಗಿ ಉಳಿಯುವ ಸ್ಥಳದಲ್ಲಿ ಹಿಡಿಸಲೆಂದು ಪುಟದ ಅಗಲವನ್ನು ಸುಮಾರು 600 ಪಿಕ್ಸೆಲಿಗೆ ಕಟ್ಟಿಹಾಕಿದರು. 80ರ ಸ್ಥಾನದಲ್ಲಿ 600 ಬಂದು ಕುಳಿತಿತು, ಅಷ್ಟೆ.

2007ರ ಜನವರಿ ಈ ಚರಿತ್ರೆಯಲ್ಲಿ ವಿಚಿತ್ರವಾದ ತಿಂಗಳು. 9ನೆಯ ತಾರೀಖು ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದರು. ಅದರ ತೆರೆಯ ಅಗಲ 320 ಪಿಕ್ಸೆಲ್. ತಿಂಗಳ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಔಟ್‌ಲುಕ್ 2007 ಮಾರುಕಟ್ಟೆಗೆ ಬಂದಿತು. ಇ-ಮೇಲಿನ ಪುಟವನ್ನು ಬಿಡಿಸಿ ತೋರಿಸುವ ಕೆಲಸವನ್ನು ಅದರಲ್ಲಿ ವೆಬ್ ಬ್ರೌಸರಿನ ಯಂತ್ರಭಾಗದಿಂದ ತೆಗೆದು, ಟೈಪು ಮಾಡುವ ವರ್ಡ್ ತಂತ್ರಾಂಶದ ಯಂತ್ರಭಾಗಕ್ಕೆ ಒಪ್ಪಿಸಿದ್ದರು. ಹೊಸ ವಿನ್ಯಾಸವಿಧಾನಗಳಲ್ಲಿ ಹಲವು ಅದಕ್ಕೆ ತಿಳಿಯವು. ಒಂದು ಕಡೆ ಬಗ್ಗುವ ಪುಟವನ್ನು ಬೇಡುವ ಅಂಗೈಯ ತೆರೆ; ಇನ್ನೊಂದು ಕಡೆ ಹಳೆಯ ಕೋಷ್ಟಕವಲ್ಲದೆ ಬೇರೇನೂ ಒಲ್ಲದ ಕಚೇರಿಯ ಯಂತ್ರ. ನ್ಯೂಸ್‌ಲೆಟರು ಕಟ್ಟುವವನ ಪಾಡು ಇಬ್ಬರು ಅತ್ತೆಯರ ನಡುವಣ ಸೊಸೆಯ ಪಾಡಾಯಿತು. ಮೊಬೈಲೇನೋ 600 ಪಿಕ್ಸೆಲಿನ ಪುಟವನ್ನು ಕುಗ್ಗಿಸಿ ತನ್ನೊಳಗೆ ಹಿಡಿಸಿಕೊಂಡಿತು. ಅದರೊಡನೆ ಅಕ್ಷರಗಳೂ ಸುಮಾರು ಅರ್ಧಕ್ಕೆ ಕುಗ್ಗಿದುವು. ಓದುಗ ಎರಡು ಬೆರಳಿನಿಂದ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡಿ ಓದತೊಡಗಿದ.

ಬಿಡುಗಡೆಯ ಮಾರ್ಗವನ್ನು ತೋರಿಸಿದವರು ಈಥನ್ ಮಾರ್ಕಾಟ್. 2010ರ ಮೇ ತಿಂಗಳಲ್ಲಿ ಬರೆದ ಒಂದು ಲೇಖನದಲ್ಲಿ ಅವರು, ತೆರೆಗೊಂದು ಪುಟ ಕಟ್ಟುವುದನ್ನು ಬಿಟ್ಟು, ತೆರೆಯ ಅಗಲವನ್ನು ವಿಚಾರಿಸಿ ತಾನೇ ಹೊಂದಿಕೊಳ್ಳುವ ಒಂದೇ ಪುಟ ಕಟ್ಟಿರೆಂದರು. ‘ತೆರೆ ಇಷ್ಟಕ್ಕಿಂತ ಕಿರಿದಾಗಿದ್ದರೆ ಪಕ್ಕಪಕ್ಕದ ಕಂಬಗಳನ್ನು ಒಂದರ ಕೆಳಗೊಂದು ಜೋಡಿಸು’ ಎಂಬಂಥ ಅಪ್ಪಣೆಯನ್ನು ಪುಟದಲ್ಲೇ ಬರೆದಿಡುವ ವಿಧಾನಕ್ಕೆ 2012ರಲ್ಲಿ ವೆಬ್ ಒಕ್ಕೂಟದ ಮುದ್ರೆಯೂ ಬಿದ್ದಿತು. ಆದರೆ ಕೋಟ್ಯಂತರ ಜನ ಬಳಸುವ ಜಿಮೇಲ್ ಬಹುಕಾಲ ಈ ಅಪ್ಪಣೆಗಳನ್ನು ಕಿತ್ತೆಸೆಯುತ್ತಿತ್ತು. ಅವನ್ನು ಮನ್ನಿಸತೊಡಗಿದುದು 2016ರ ಸೆಪ್ಟೆಂಬರಿನಲ್ಲಿ. ಆ ನಡುವೆ ಕುಶಲಿಗಳು ಅಪ್ಪಣೆಯಿಲ್ಲದೆಯೂ ಬಗ್ಗುವ ಪುಟವನ್ನು ಹೆಣೆದರು. ‘ಅಗಲ 600’ ಎನ್ನುವ ಬದಲು ‘ಹೆಚ್ಚೆಂದರೆ 600, ಜಾಗವಿಲ್ಲದಿದ್ದರೆ ಇರುವಷ್ಟು’ ಎಂದರು. ಕಂಬಗಳನ್ನು ಶಬ್ದಗಳಂತೆ ಸಾಲಿನಲ್ಲಿಟ್ಟರು. ಜಾಗ ಸಾಲದಾಗ ಅವು ತಾವೇ ಕೆಳಗಿನ ಸಾಲಿಗೆ ಇಳಿದುವು. ಹಳೆಯ ಔಟ್‌ಲುಕ್‌ಗೆ ಮಾತ್ರ ಕಾಣುವಂತೆ ಒಂದು ಕೋಷ್ಟಕವನ್ನು ಗುಟ್ಟಾಗಿ ಸೇರಿಸಿದರು.

ಇಷ್ಟೆಲ್ಲ ಹೋರಾಟದಿಂದ ಬಂದ ನೀತಿಗಳು ಬಹಳ ಸರಳ. ಒಂದೇ ಕಂಬಸಾಲು. ಅಕ್ಷರ 16 ಪಿಕ್ಸೆಲಿಗೆ ಕಡಿಮೆಯಿಲ್ಲದಿರಲಿ. ಒತ್ತಬೇಕಾದ ಗುಂಡಿ ಬೆರಳಿಗೆ ಸಿಗುವಷ್ಟು, ಆಪಲ್‌ನವರು ಹೇಳುವಂತೆ 44 ಪಾಯಿಂಟಿನಷ್ಟು, ದೊಡ್ಡದಿರಲಿ. ಮುಖ್ಯವಾದ ಮಾತು ಮೊದಲು ಬರಲಿ. ಚಿತ್ರ ತೆರೆಯದಿದ್ದರೂ ಅರ್ಥವಾಗುವಂತೆ ಅದರ ಬೆನ್ನಿಗೆ ನಾಲ್ಕು ಮಾತಿನ ವಿವರಣೆಯಿರಲಿ. ಕಣ್ಣಿಲ್ಲದವರಿಗೆ ಯಂತ್ರ ಓದಿ ಹೇಳುವುದು ಆ ನಾಲ್ಕು ಮಾತುಗಳನ್ನೇ.

ಕನ್ನಡದ ಮಟ್ಟಿಗೆ ಈ ಕಥೆಗೆ ಇನ್ನೊಂದು ಅಧ್ಯಾಯವುಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಬಹುಕಾಲ ನಾವು ಬರೆದುದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿ. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ನಮ್ಮ ಪತ್ರ ರೋಮನ್ ಅಕ್ಷರಗಳ ಅರ್ಥಹೀನ ಜಂಗುಳಿಯಾಗುತ್ತಿತ್ತು. ಆಂಡ್ರಾಯ್ಡ್ ಮೊಬೈಲುಗಳಿಗೆ ಕನ್ನಡದ ಬೆಂಬಲ ಬಂದುದು 2012ರ 4.1ನೆಯ ಆವೃತ್ತಿಯಲ್ಲಿ. ಈಗಲೂ ಇಂಗ್ಲಿಷಿಗೆಂದು ಕಟ್ಟಿದ ಅಚ್ಚಿನಲ್ಲಿ ಕನ್ನಡವನ್ನು ಸುರಿದರೆ ಸಾಲುಗಳ ನಡುವಣ ಅಂತರ ಸಾಲದೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ನಮ್ಮ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ 18. ಸುಮಾರು 102 ಕಿಲೋಬೈಟು ಮೀರಿದ ಪತ್ರದ ಬಾಲವನ್ನು ಜಿಮೇಲ್ ಕತ್ತರಿಸಿಡುತ್ತದೆ. ಆದುದರಿಂದ ಕನ್ನಡದ ನ್ಯೂಸ್‌ಲೆಟರಿಗೆ ಮಿತಭಾಷೆ ಅಲಂಕಾರ ಮಾತ್ರವಲ್ಲ, ಅಗತ್ಯವೂ ಹೌದು.

ಈ ತೊಡಕುಗಳಿಗೆ ಹೆದರಿ ಅನೇಕರು ಇಡೀ ಪತ್ರವನ್ನು ಒಂದು ಚಿತ್ರವಾಗಿ ಮಾಡಿ ಕಳುಹಿಸುತ್ತಾರೆ. ನಾನೂ ಹಾಗೆ ಮಾಡಿದವನೇ. ನಮ್ಮ ಗೆಳೆಯರ ಸಾಹಿತ್ಯಕೂಟದ ತಿಂಗಳ ಪತ್ರವನ್ನು ಎರಡು ಕಂಬಸಾಲಿನಲ್ಲಿ, ಹೂಬಳ್ಳಿಯ ಅಂಚಿನೊಡನೆ, ಚಿತ್ರವಾಗಿಸಿ ಕಳುಹಿಸಿ ಹೆಮ್ಮೆಪಟ್ಟುಕೊಂಡಿದ್ದೆ. ನಿವೃತ್ತರಾದ ನಮ್ಮ ಮೇಷ್ಟರೊಬ್ಬರು ಫೋನು ಮಾಡಿ, “ಕಾಗದ ಬಂತು ಕಣಯ್ಯಾ. ಜತೆಗೆ ಭೂತಗನ್ನಡಿ ಇಡೋದು ಮರೆತಿದ್ದೀಯಲ್ಲ!” ಎಂದರು. ಅವರು ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ. ಎಂಬತ್ತು ದಾಟಿದ ಅವರಿಗೆ ಸಭೆಗಳಿಗೆ ಬರಲಾಗುತ್ತಿರಲಿಲ್ಲ. ಕೂಟದೊಡನೆ ಉಳಿದಿದ್ದ ಸಂಬಂಧ ಆ ಪತ್ರವೊಂದೇ. ಅದನ್ನು ನಾನು ಹೂಬಳ್ಳಿಯಿಂದ ಮುಚ್ಚಿಬಿಟ್ಟಿದ್ದೆ.

ಮುಂದಿನ ತಿಂಗಳು ಬಳ್ಳಿ ಹೋಯಿತು, ಕಂಬಸಾಲು ಒಂದಾಯಿತು, ಅಕ್ಷರ ಅಕ್ಷರವಾಗಿಯೇ, ಬೇಕಾದಷ್ಟು ಹಿಗ್ಗುವಂತೆ, ಹೋಯಿತು. ಎರಡು ದಿನಗಳಲ್ಲಿ ಮೇಷ್ಟರಿಂದ ಉತ್ತರ ಬಂದಿತು: “ಮೂರನೆಯ ಪ್ಯಾರಾದಲ್ಲಿ ಕಾಗುಣಿತದ ತಪ್ಪು ಎರಡಿವೆ. ತಿದ್ದಿಕೋ.” ಅವರು ಕೊನೆಯವರೆಗೂ ಓದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.